ಗುಡಿಸದ ಹಿತ್ತಲಿನ ತುಂಬೆ

ಬಯಲುಸೀಮೆಯ ಕಲ್ಲುಗುಂಡಿ ಊರಲ್ಲಿ ಒಂದು ಕಟ್ಟುಪಾಡಿತ್ತು. ಕಾರ್ತಿಕ ಮಾಸದಲ್ಲಿ ಈಶ್ವರನಿಗೆ ದಿನಕ್ಕೊಂದು ಮನೆಯವರು ಹೂವು ಕೊಡಬೇಕು. ಅದಕ್ಕೆ ಹೂವಿನ ಪಾಳಿ ಅಂತ ಹೆಸರು. ಹೂವು ಅವರವರ ಹಿತ್ತಲಲ್ಲೇ ಬೆಳೆದದ್ದಾಗಬೇಕು, ಸಂತೆಯ ಹೂವು ಗುಡಿಯ ಹೊಸಿಲು ದಾಟುವಂತಿಲ್ಲ. ಎರಡು ವರ್ಷ ಒಂದೇ ಸಮ ತಪ್ಪಿದರೆ ಆ ಮನೆಯ ಪಾಳಿ ಬೇರೆಯವರ ಪಾಲು.

ಸಾಯುವಾಗ ಅತ್ತೆ ಸೊಸೆ ನಂಜಮ್ಮನ ಕೈ ಹಿಡಿದು, "ಏನು ಬಿಟ್ಟರೂ ಪಾಳಿ ಬಿಡಬೇಡ ಕಣವ್ವ" ಅಂದಿದ್ದಳು. ನಂಜಮ್ಮ ಹೂಂ ಅಂದಿದ್ದಳು. ಕೊಟ್ಟ ಮಾತಿಗೆ ತಪ್ಪುವ ಹೆಣ್ಣಲ್ಲ ಅವಳು. ಆದರೆ ಬಾವಿ ಕೇಳಬೇಕಲ್ಲ! ಅದು ಬತ್ತಿತು, ಅತ್ತೆ ಬೆಳೆಸಿದ ಮಲ್ಲಿಗೆ ಒಣಗಿ ಕಡ್ಡಿಯಾಯಿತು.

ನಂಜಮ್ಮ ಹೊಲದ ಬದುವಿನಿಂದ ತುಂಬೆ ಸಸಿ ಕಿತ್ತು ತಂದು ಹಿತ್ತಲಲ್ಲಿ ನೆಟ್ಟಳು. ತುಂಬೆ ನೀರು ಕೇಳುವುದಿಲ್ಲ, ಶಿವನಿಗೂ ಅದೆಂದರೆ ಇಷ್ಟ. ಒಂದು ಸಲ ಕಾಲಿಟ್ಟರೆ ಆಮೇಲೆ ತಾನೇ ಹುಟ್ಟುತ್ತದೆ ಅಂತ ಊರೇ ಹೇಳುತ್ತಿತ್ತು. ಆ ಕಾರ್ತಿಕದಲ್ಲಿ ಬುಟ್ಟಿ ತುಂಬ ಬೆಳ್ಳನೆಯ ಹೂವು ಸಿಕ್ಕಿತು.

ಮರುವರ್ಷ ಮಳೆ ಬಂತು, ತುಂಬೆ ಬರಲಿಲ್ಲ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದದ್ದೇ ಬಂತು. ಪಾಳಿಯ ದಿನ ನಂಜಮ್ಮ ಬರಿಗೈಲಿ ಗುಡಿಯ ಮುಂದೆ ನಿಂತಳು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಪೂಜೆಯ ಅಯ್ಯನವರು ಮೆಲ್ಲಗೆ ಹೇಳಿದರು: "ತಪ್ಪಿದ್ದಕ್ಕೆ ಶಿವ ಮುನಿಯೋದಿಲ್ಲ ತಾಯಿ. ಆದರೆ ಇನ್ನೊಂದು ಸಲ ತಪ್ಪಿದರೆ ಊರು ಸುಮ್ಮನಿರೋದಿಲ್ಲ."

ಅವಳು ಮನೆಗೆ ಹೋಗಲಿಲ್ಲ, ನೇರ ಹೊಲಕ್ಕೆ ಹೋದಳು. ಬದುವಿನ ತುಂಬ ತುಂಬೆ! ಕೆಲವು ಗಿಡ ಆಗಲೇ ಒಣಗಿದ್ದವು. ಒಂದನ್ನು ಅಲುಗಿಸಿದಳು. ಅಂಗೈಗೆ ಸಾಸಿವೆಗಿಂತ ಸಣ್ಣ ಕಪ್ಪು ಬೀಜ ಉದುರಿದವು. ಆಗ ಅವಳಿಗೆ ಹೊಳೆಯಿತು. ಹಿತ್ತಲು ಚೊಕ್ಕಟವಾಗಿರಲಿ ಅಂತ ಹೋದ ವರ್ಷ ಒಣಗಿದ ಗಿಡವನ್ನೆಲ್ಲ ಕಿತ್ತು ಹಂಡೆ ಒಲೆಗೆ ಹಾಕಿದವಳು ಅವಳೇ. ಉಳಿದದ್ದನ್ನು ದಿನಾ ಪೊರಕೆ ಬಳಿದುಕೊಂಡು ಹೋಗಿತ್ತು.

"ಅಯ್ಯೋ, ನನ್ನ ಚೊಕ್ಕಟತನಕ್ಕಿಷ್ಟು ಬೆಂಕಿ ಬೀಳ!" ಅಂದುಕೊಂಡು, ಒಣಗಿದ ಗಿಡಗಳನ್ನೇ ಹೊರೆ ಕಟ್ಟಿ ತಂದು ಹಿತ್ತಲಲ್ಲಿ ಸಾಲಾಗಿ ಊರಿದಳು.

ಬೇಲಿಯಾಚೆಯ ಚೆನ್ನಾಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸತ್ತ ಗಿಡ ನೆಡೋರನ್ನ ಇವತ್ತೇ ನೋಡಿದ್ದು ನಂಜಕ್ಕ! ನೀರೂ ಹಾಕ್ತೀಯೋ?"

ಸಂಕ್ರಾಂತಿಗೆ ಊರೆಲ್ಲ ಗುಡಿಸಿ ಸಾರಿಸಿತು. ನಂಜಮ್ಮನ ಹಿತ್ತಲು ಮಾತ್ರ ಕಸಕಡ್ಡಿಯ ಕೊಂಪೆ. ಚೆನ್ನಾಜಿಗೆ ತಡೆಯಲಾಗಲಿಲ್ಲ. ಪೊರಕೆ ಹಿಡಿದು ಒಳಗೇ ನುಗ್ಗಿದಳು. "ಹಬ್ಬದ ದಿನ ಇದೇನಕ್ಕ ದರಿದ್ರ! ನಿನ್ನ ಕೈಲಾಗದಿದ್ರೆ ನಾನೇ ಗುಡಿಸ್ತೀನಿ."

ನಂಜಮ್ಮ ಎರಡೂ ಕೈ ಚಾಚಿ ಅಡ್ಡ ನಿಂತಳು. "ಇಡು ಪೊರಕೆ ಕೆಳಗೆ. ಊರು ನಗಲಿ ಚೆನ್ನಾಜಿ, ಅದಕ್ಕೇನು? ಮಳೆ ಬಿದ್ದು ಮೊಳಕೆ ಬರೋವರೆಗೂ ಈ ಮಣ್ಣಿಗೆ ಪೊರಕೆ ತಾಗಕೂಡದು!"

ಆ ವರ್ಷ ಮಳೆಯೂ ಕೈಕೊಟ್ಟಿತು. ಮಘೆಯಲ್ಲಿ ಒಂದು ಹದ, ಹಸ್ತದಲ್ಲಿ ನಾಲ್ಕು ಹನಿ, ಅಷ್ಟೇ. ಊರಿನ ಸೇವಂತಿಗೆ, ಕನಕಾಂಬರ ಬಾಡಿದವು. ನಂಜಮ್ಮನ ಹಿತ್ತಲಲ್ಲಿ ಕಾಲಿಡಲು ಜಾಗವಿಲ್ಲದಂತೆ ತುಂಬೆ ಎದ್ದಿತು. ಪಾಳಿಯ ದಿನ ಅವಳು ಬುಟ್ಟಿ ತುಂಬಿಸಿ ಒಯ್ದಳು. ದಾರಿಯುದ್ದಕ್ಕೂ ಅತ್ತೆಯ ನೆನಪಾಗಿ ಕಣ್ಣು ಒದ್ದೆಯಾಯಿತು.

ಮಾರನೆಯ ದಿನ ಚೆನ್ನಾಜಿಯ ಪಾಳಿ. ಬೆಳಗ್ಗೆಯೇ ಖಾಲಿ ಬುಟ್ಟಿ ಹಿಡಿದು ಬಂದು ಬೇಲಿ ಹತ್ತಿರ ನಿಂತಳು. "ಒಂದು ಹೂವೂ ಇಲ್ಲ ನಂಜಕ್ಕ. ನಿನ್ನ ಹತ್ತಿರ ಕೇಳೋಣ ಅಂದ್ರೆ ಅದು ನಿನ್ನ ಹಿತ್ತಲಿನದು, ಗುಡಿಗೆ ಸಲ್ಲೋದಿಲ್ಲ." ಮಾತು ಮುಗಿಯುವ ಮೊದಲೇ ಅತ್ತುಬಿಟ್ಟಳು.

ನಕ್ಕವಳನ್ನು ನೋಡಿ ನಗುವ ಸರದಿ ಈಗ ನಂಜಮ್ಮನದು. ಅವಳು ನಗಲಿಲ್ಲ. ಚೆನ್ನಾಜಿಯ ಕೈ ಹಿಡಿದು ಅವಳದೇ ಹಿತ್ತಲಿಗೆ ಕರೆದೊಯ್ದು ಬೇಲಿಯ ಬುಡ ತೋರಿಸಿದಳು. ಮುಳ್ಳಿನ ಸಂದಿಯಲ್ಲಿ ಐದಾರು ತುಂಬೆ ಗಿಡ ಬೆಳ್ಳಗೆ ಅರಳಿ ನಿಂತಿದ್ದವು.

"ನಮ್ಮ ಕಡೆಯಿಂದ ಬೇಲಿ ದಾಟಿ ಉದುರಿದ ಬೀಜ. ಆದರೂ ನಿನ್ನ ಮಣ್ಣಲ್ಲೇ ಹುಟ್ಟಿದ್ದು, ನಿನ್ನದೇ ಹೂವು, ಬಿಡಿಸ್ಕೋ."

"ನಾನು ನೋಡೇ ಇರಲಿಲ್ಲವಲ್ಲಕ್ಕ! ಹೇಗೆ ಉಳಿದವು ಇವು?"

"ಈ ಮೂಲೆಗೆ ನಿನ್ನ ಪೊರಕೆ ಎಟುಕಲಿಲ್ಲ ಕಣೇ."

ನೀತಿ: ಒಣಗಿದ್ದೆಲ್ಲ ಕಸವಲ್ಲ, ಬರುವ ವರ್ಷದ ಹೂವು ಅದರೊಳಗೇ ಇರುತ್ತದೆ. ನೋಡುವವರು ನಕ್ಕರೆಂದು ಬೀಜ ಉದುರುವ ಮೊದಲೇ ಗುಡಿಸಿಬಿಡಬೇಡಿ.