ಮೂಗುತಿ ಮಡು

ನೀರಗಲ್ಲು ಊರಿನಿಂದ ಹೊಳೆಯ ದಂಡೆಗುಂಟ ಅರ್ಧ ಹರದಾರಿ ಕೆಳಕ್ಕೆ ನಡೆದರೆ, ಅಲ್ಲಿಯವರೆಗೆ ಬಂಡೆಗಳ ಮೇಲೆ ಗದ್ದಲ ಮಾಡುತ್ತ ಬಂದ ನೀರು ಒಮ್ಮೆಲೇ ಸದ್ದಡಗಿ ಆಳಕ್ಕಿಳಿಯುತ್ತದೆ. ಅದೇ ಮೂಗುತಿ ಮಡು. ಯಾವ ಕಾಲದ್ದೋ ತಿಳಿಯದ ಒಂದು ಸೇತುವೆಯ ಹನ್ನೊಂದು ಕಲ್ಲುಗಂಬಗಳು ಅಲ್ಲಿ ಸಾಲಾಗಿ ನಿಂತಿವೆ. ಬೇಸಿಗೆಯಲ್ಲಿ ಏಳು ಕಾಣುತ್ತವೆ. ಉಳಿದ ನಾಲ್ಕು ತಲೆ ಎತ್ತಿದ್ದನ್ನು ನೋಡಿದವರಿಲ್ಲ. ಕಂಬಗಳ ಬುಡದಲ್ಲಿ ಮುರಿದು ಬಿದ್ದ ತೊಲೆಗಲ್ಲುಗಳಿವೆ, ಅವುಗಳ ಸಂದಿಗೆ ಮಳೆಗಾಲದ ಹೊಳೆ ತಂದು ತುರುಕಿದ ಬೇರುಬೊಡ್ಡೆಗಳಿವೆ. ಬಾಳೆಮೀನು ಅಡಗುವುದು ಇಂಥಲ್ಲೇ, ಗಾಳ ಸಿಕ್ಕಿಕೊಳ್ಳುವುದೂ ಇಂಥಲ್ಲೇ. ಯಾರೋ ಹೆಂಗಸು ಇಲ್ಲಿ ಮೂಗುತಿ ಕಳೆದುಕೊಂಡಿರಬೇಕು ಎಂದು ಹೊರಗಿನಿಂದ ಬಂದವರು ಊಹಿಸುತ್ತಾರೆ. ಊರಿನವರು ಅಲ್ಲವೆಂದು ತಲೆಯಾಡಿಸುತ್ತಾರೆ. ಆಕೆ ಕಳೆದುಕೊಳ್ಳಲಿಲ್ಲ, ಕೊಟ್ಟಳು ಎನ್ನುತ್ತಾರೆ.

ಹಿಂದೆ ಒಮ್ಮೆ, ಈ ಹೊಳೆಗೆ ಎಲ್ಲಿಯೂ ಕಟ್ಟೆ ಬಿದ್ದಿರದ ಕಾಲದಲ್ಲಿ, ನೀರಗಲ್ಲಿನಲ್ಲಿ ಜಂಬಯ್ಯನೆಂಬ ಅಂಬಿಗನಿದ್ದನು. ಹರಿಗೋಲು ಹಾಕುವುದು ಅವನ ಕಸುಬು, ಹುಸಿಮೀನು ಕೆತ್ತುವುದು ಅವನ ಹುಚ್ಚು. ಬಾಳೆಮೀನು ಓಡುವ ಮೀನನ್ನು ಕಂಡರೆ ಸುಮ್ಮನಿರಲಾರದು. ಅದಕ್ಕಾಗಿ ಅವನು ಹಾಲುವಾಣದ ಹಗುರ ಮರದಲ್ಲಿ ಗೇಣುದ್ದದ ಮೀನು ಕೆತ್ತಿ, ಹೊಟ್ಟೆಗೆ ಸೀಸ ತುಂಬಿ, ಬೆನ್ನಿನ ಮೇಲೆ ಒಂದೇ ಒಂದು ಗಾಳ ಕೂರಿಸುತ್ತಿದ್ದನು. ಗಾಳದ ಮೊನೆ ಆಕಾಶ ನೋಡುತ್ತಿದ್ದರೆ ಮೀನಿನ ಹೊಟ್ಟೆ ಕಲ್ಲಿಗೆ ತಾಗಿದರೂ ಮೊನೆ ತಾಗುವುದಿಲ್ಲ. ಕೊನೆಯಲ್ಲಿ ಎರಡು ಕಡೆಗೂ ಹಿತ್ತಾಳೆಯ ಒಂದೊಂದು ಗುಂಡು ಜಡಿದು ಕಣ್ಣು ಮಾಡುತ್ತಿದ್ದನು. ಕಣ್ಣು ನೋಟಕ್ಕಷ್ಟೇ ಇದ್ದುದಲ್ಲ. ಎರಡು ಗುಂಡುಗಳ ತೂಕ ಸರಿಯಿದ್ದರೆ ಮಾತ್ರ ಮೀನು ನೇರ ಈಜುತ್ತಿತ್ತು. ಕೆತ್ತಿದವನೇ ಕಣ್ಣು ಹಾಕಬೇಕೆಂಬುದು ಅಂಬಿಗರ ಕಟ್ಟಳೆಯಾಗಿತ್ತು.

ಒಂದು ಶ್ರಾವಣದ ಬೆಳಿಗ್ಗೆ ಜಂಬಯ್ಯ ಹೊಸ ಮೀನಿಗೆ ಬಲಗಣ್ಣು ಜಡಿದು ಮುಗಿಸಿದ್ದನು. ಅಷ್ಟರಲ್ಲಿ, ಮೇಲಿನ ನಡುಗಡ್ಡೆಯಲ್ಲಿ ಕುರಿಗಾರರು ನೆರೆಗೆ ಸಿಕ್ಕಿದ್ದಾರೆಂದು ಕೂಗು ಬಂದಿತು. ಅವನು ಉಳಿದ ಹುಸಿಮೀನುಗಳ ಬುಟ್ಟಿ ಒಳಗಿದ್ದಂತೆಯೇ ಹರಿಗೋಲು ಹೊತ್ತು ಎದ್ದನು. ಒಂದೇ ಕಣ್ಣಿನ ಮೀನನ್ನು ಹೆಂಡತಿ ಹುಲಿಗೆವ್ವನ ಕೈಗೆ ಕೊಟ್ಟು, "ಇನ್ನೊಂದು ಕಣ್ಣು ಬಂದು ಹಾಕ್ತೀನಿ, ತೆಗೆದಿಡು" ಎಂದನು. ಕುರಿಗಾರರು ದಡ ಸೇರಿದರು. ಎರಡು ದಿನದ ಮೇಲೆ ಹರಿಗೋಲು ಕೆಳಗಿನ ಮುಳ್ಳುಕಂಟಿಯಲ್ಲಿ ಬೋರಲಾಗಿ ಸಿಕ್ಕಿತು. ಜಂಬಯ್ಯ ಸಿಗಲಿಲ್ಲ.

ಹುಲಿಗೆವ್ವ ಬಳೆ ತೆಗೆಯಲಿಲ್ಲ, ಮೂಗುತಿ ಬಿಚ್ಚಲಿಲ್ಲ. ಆ ಮೂಗುತಿಯೂ ಜಂಬಯ್ಯ ಮಾಡಿದ್ದೇ. ಮೀನಿನ ಕಣ್ಣಿಗೆಂದು ತಂದ ಹಿತ್ತಾಳೆಯಲ್ಲೇ ಒಂದು ಗುಂಡು ಉಳಿಸಿ, ಮದುವೆಯಾದ ವರ್ಷ ಅವಳ ಮೂಗಿಗೆ ಹಾಕಿದ್ದನು. ಕುಲದ ಹಿರಿಯರು ಬಂದು ಹೇಳಿದಾಗ ಅವಳದು ಒಂದೇ ಉತ್ತರವಾಗಿತ್ತು: "ಕಣ್ಣು ಹಾಕ್ತೀನಿ ಅಂದು ಹೋಗ್ಯಾನ. ಹಾಕದ ಹೆಂಗ ಇರ್ತಾನ?" ಮೀನಿನ ಎಡಗಡೆ ಬರಿದಾಗಿರುವವರೆಗೆ ಅವನ ಕೆಲಸ ಬಾಕಿಯಿದೆ, ಬಾಕಿಯಿರುವವರೆಗೆ ಅವನು ಬರಬೇಕು. ಅವಳ ಲೆಕ್ಕ ಅಷ್ಟೇ ಸರಳವಾಗಿತ್ತು ಎನ್ನುತ್ತಾರೆ.

ಆದರೆ ಹೊಟ್ಟೆ ಕಾಯುವುದಿಲ್ಲ. ಮನೆಯಲ್ಲಿ ಉಳಿದದ್ದು ಆ ಒಂದೇ ಹುಸಿಮೀನು. ಹುಲಿಗೆವ್ವ ಅದನ್ನೇ ಕಟ್ಟಿಕೊಂಡು ಮಡುವಿಗಿಳಿದಳು. ಗಂಡ ಮಾಡುತ್ತಿದ್ದುದೆಲ್ಲ ಅವಳ ಕೈಗೆ ಬಂದಿತ್ತು: ಎಸೆದ ಮೇಲೆ ಮೀನು ಮುಳುಗುವಾಗ ಎಣಿಸುವುದು, ಆರು ಎಣಿಸುವುದರೊಳಗೆ ಸೆಳೆಯುವುದು, ಕೋಲಿನ ತುದಿಯನ್ನು ಎತ್ತಿಯೇ ಹಿಡಿಯುವುದು, ದಾರಕ್ಕೆ ಬೆರಳು ಕೊಟ್ಟು ಕಲ್ಲಿನ ತಟ್ಟುವಿಕೆ ಯಾವುದು, ಮೀನಿನ ಕಚ್ಚುವಿಕೆ ಯಾವುದು ಎಂದು ತಿಳಿಯುವುದು. ಆದರೂ ಬಲಗಣ್ಣಿನ ಭಾರಕ್ಕೆ ಮರದ ಮೀನು ಬಲಕ್ಕೆ ವಾಲುತ್ತಿತ್ತು, ಆಕಾಶ ನೋಡಬೇಕಾದ ಮೊನೆ ಕಂಬದ ಕಡೆಗೆ ತಿರುಗುತ್ತಿತ್ತು. ಹತ್ತು ಸಲ ಎಸೆದರೆ ನಾಲ್ಕು ಸಲ ಕಲ್ಲಿಗೆ ಕಚ್ಚುತ್ತಿತ್ತು. ಜಂಬಯ್ಯನ ದೊಡ್ಡಪ್ಪ, ಮುದುಕ ಯಂಕೋಬಜ್ಜ, ದಡದಲ್ಲಿ ಬಲೆ ಹೆಣೆಯುತ್ತ ನೋಡುತ್ತಿದ್ದನು. "ನಿನ್ನ ಮೀನು ಕಲ್ಲಿನ ಜೋಡಿ ಸಂಸಾರ ಹೂಡೇತಿ ನೋಡವ್ವಾ," ಎನ್ನುವನು. "ಎಡಗಣ್ಣು ಹಾಕು. ನಾ ಹಾಕಿ ಕೊಡ್ಲೇನು?"

"ಹಾಕೋನು ಬರ್ತಾನ, ನೀ ನಿನ್ನ ಬಲೆ ನೋಡ್ಕೋ ಮಾವಾ," ಎನ್ನುವಳು ಅವಳು.

ಇನ್ನೊಂದು ತಪ್ಪನ್ನೂ ಅವಳು ಮಾಡಿದಳು. ಗಾಳಕ್ಕೆ ಸೇರುವ ಕೊನೆಯ ಮೊಳದಷ್ಟು ದಾರವನ್ನು ಅಂಬಿಗರು ಬೇಕೆಂದೇ ತೆಳುವಾಗಿಡುತ್ತಾರೆ. ಕಲ್ಲಿಗೆ ಸಿಕ್ಕರೆ ಅದು ಅಲ್ಲಿ ಹರಿಯಬೇಕು. ಒಂದು ಹುಸಿಮೀನು ಹೋದರೂ ದಾರ ಮತ್ತು ಹರಿಗೋಲು ಉಳಿಯಬೇಕು. ಹುಲಿಗೆವ್ವ ಅಲ್ಲೂ ಸೇರಿಸಿ ಉದ್ದಕ್ಕೂ ಮೂರೆಳೆಯ ಹುರಿಯನ್ನೇ ಕಟ್ಟಿದಳು. ತಾನು ಹೋದರೂ ಸರಿ, ಮೀನು ಹೋಗಬಾರದು ಎಂಬುದು ಅವಳ ಹಟ.

ಮೂರನೆಯ ವರ್ಷದ ಕಾರ್ತೀಕದಲ್ಲಿ ಒಂದು ಬೆಳಿಗ್ಗೆ ಐದನೆಯ ಕಂಬದ ಹಿಂದೆ ಹುಸಿಮೀನು ಸಿಕ್ಕಿಕೊಂಡಿತು. ಅವಳ ಹರಿಗೋಲು ಕಂಬಕ್ಕಿಂತ ಹೊಳೆಯ ಮೇಲ್ಗಡೆ ಇತ್ತು, ಮೇಲಿನ ಬಂಡೆಗೆ ಹಗ್ಗ ಬಿಗಿದಿತ್ತು. ಅವಳು ಎಳೆದಳು. ಎಡಕ್ಕೆ ಸರಿದು ಎಳೆದಳು, ಬಲಕ್ಕೆ ಸರಿದು ಎಳೆದಳು. ಎಳೆದಷ್ಟೂ ಮೊನೆ ಕಲ್ಲಿನ ಸಂದಿಗೆ ಇಳಿಯಿತು. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಹುರಿ ಅಂಗೈ ಕೊಯ್ದಿತ್ತು, ಹರಿಗೋಲು ಒಂದು ಮಗ್ಗುಲಿಗೆ ಬಾಗಿ ನೀರು ಕುಡಿಯತೊಡಗಿತ್ತು. ಯಂಕೋಬಜ್ಜ ದಡದಲ್ಲಿ ಎದ್ದು ನಿಂತನು. "ಕೊಯ್ದು ಬಿಡವ್ವಾ! ಮುಳುಗ್ತಿ!"

"ಹೆಂಗ ಕೊಯ್ಲಿ ಮಾವಾ? ಅವ ಬಂದು ಮೀನು ಎಲ್ಲಿ ಅಂದ್ರ?"

ಮುದುಕ ನೀರಿನಂಚಿಗೆ ಇಳಿದು ಬಂದನು. ಆಮೇಲೆ, "ಕೊಯ್ಯಬ್ಯಾಡ ಹಂಗಾರ. ಸಡ್ಲ ಬಿಡು. ಜಂಬ್ಯಾ ಎಳೀತಿದ್ದನೇನು? ನೆನಪು ಮಾಡ್ಕೋ," ಎಂದನು.

ಅವಳಿಗೆ ನೆನಪಾಯಿತು. ಗಾಳ ಸಿಕ್ಕಾಗ ಜಂಬಯ್ಯ ಎಳೆಯುತ್ತಿರಲಿಲ್ಲ. ದಾರ ಬಿಟ್ಟುಕೊಟ್ಟು ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದನು. ಹುಲಿಗೆವ್ವ ಗಾಯದ ಕೈ ಸಡಿಲಿಸಿ ಮಾರು, ಎರಡು ಮಾರು, ಹತ್ತು ಮಾರು ಹುರಿ ಬಿಟ್ಟಳು. ಹರಿಗೋಲು ನೆಟ್ಟಗಾಯಿತು. ಹೊಳೆ ಆ ಸಡಿಲು ಹುರಿಯನ್ನು ಕಂಬ ದಾಟಿಸಿ ಕೆಳಕ್ಕೊಯ್ದು ಬಿಲ್ಲಿನಂತೆ ಬಾಗಿಸಿತು, ಆ ಬಾಗಿನ ಭಾರ ಮೀನನ್ನು ಅದು ಹೊಕ್ಕ ದಾರಿಯಲ್ಲೇ ಹಿಂದಕ್ಕೆ ಸೆಳೆಯಿತು. ಬೆರಳಿಗೆ ಒಂದು ಸಣ್ಣ ಮಿಡಿತ ತಿಳಿಯಿತು. ಗಾಳ ಬಿಟ್ಟಿತ್ತು.

ಮೀನನ್ನು ಮಡಿಲಲ್ಲಿಟ್ಟುಕೊಂಡು ಅವಳು ದಡದಲ್ಲಿ ಬಹಳ ಹೊತ್ತು ಕುಳಿತಳು. ಬಲಗಡೆಯ ಬಣ್ಣವೆಲ್ಲ ಕಲ್ಲಿಗೆ ಉಜ್ಜಿ ಹೋಗಿ ಬಿಳಿಯ ಮರ ಕಾಣುತ್ತಿತ್ತು. ಇನ್ನೊಂದು ಮಳೆಗಾಲಕ್ಕೆ ಮೀನೇ ಉಳಿಯುತ್ತಿರಲಿಲ್ಲ. ಅವಳು ಒಮ್ಮೆ ಹೊಳೆಯ ಮೇಲ್ಭಾಗಕ್ಕೆ, ನಡುಗಡ್ಡೆಯ ಕಡೆಗೆ ನೋಡಿದಳು. ಆಮೇಲೆ ಮೂಗುತಿ ಬಿಚ್ಚಿದಳು. ಯಂಕೋಬಜ್ಜ ಬಡಿಯಲು ಕಲ್ಲು ಕೊಡಲು ಬಂದಾಗ ಬೇಡವೆಂದು ಕೈಯಾಡಿಸಿ, ತಾನೇ ಒಂದು ಗುಂಡುಗಲ್ಲು ಹುಡುಕಿ ತಂದು, ಬರಿದಾದ ಎಡಗಡೆಗೆ ಆ ಹಿತ್ತಾಳೆಯ ಗುಂಡನ್ನು ಜಡಿದಳು. ಅದೇ ಹಿತ್ತಾಳೆ, ಅದೇ ತೂಕ. ಮತ್ತೆ ಹರಿಗೋಲು ಹತ್ತಿ ಅದೇ ಐದನೆಯ ಕಂಬದ ಹಿಂದಕ್ಕೆ ಎಸೆದಳು. ಮೀನು ನೇರವಾಗಿ, ಬೆನ್ನು ಮೇಲಾಗಿ, ಎರಡು ಕಂಬಗಳ ನಡುವಿನಿಂದ ಈಜಿಕೊಂಡು ಬಂದಿತು. ಬಾಳೆಮೀನು ಸಿಗಲಿಲ್ಲ. ಕಲ್ಲೂ ತಾಗಲಿಲ್ಲ. ಆಗ ಹುಲಿಗೆವ್ವ ಅತ್ತಳು. ಮೂರು ವರ್ಷದಲ್ಲಿ ಊರು ಅವಳ ಅಳು ಕೇಳಿದ್ದು ಅದೇ ಮೊದಲು ಎನ್ನುತ್ತಾರೆ.

ಆ ಮರದ ಮೀನು ಏನಾಯಿತೆಂದು ಈಗ ಯಾರೂ ಹೇಳಲಾರರು. ಐದನೆಯ ಕಂಬದ ಅಂಚಿನಲ್ಲಿ ನೀರಿನ ಮಟ್ಟಕ್ಕೆ ಒಂದು ಗೀರು ಇದೆ. ಉದ್ದ ಒಂದು ಗೇಣು, ಆಳ ಕಿರುಬೆರಳು ಕೂರುವಷ್ಟು. ಅದು ಅವಳ ಹುರಿ ಕೊರೆದ ಗೀರೆಂದು ತೋರಿಸುತ್ತಾರೆ. ಇಂದು ಈ ಮಡುವಿಗೆ ಪ್ಲಾಸ್ಟಿಕ್ ಮೀನು, ನೈಲಾನ್ ದಾರ ಹಿಡಿದು ಬರುವವರೂ ಗಾಳ ಸಿಕ್ಕಾಗ ಎಳೆಯದೆ, ದಾರ ಸಡಿಲ ಬಿಟ್ಟು, "ಬಿಡವ್ವಾ ಹುಲಿಗೆವ್ವಾ" ಎಂದು ಕಾಯುವುದನ್ನು ಕಾಣಬಹುದು. ಊರಿನಲ್ಲಿ ಮರದ ಮೀನು ಕೆತ್ತುವ ಎರಡು ಮನೆಗಳು ಇನ್ನೂ ಇವೆ. ಅಲ್ಲಿ ಬಲಗಣ್ಣು ಗಂಡಸು ಹಾಕುತ್ತಾನೆ, ಎಡಗಣ್ಣು ಮನೆಯ ಹೆಂಗಸು ಹಾಕುತ್ತಾಳೆ. ಕಲ್ಲು ಎತ್ತುವ ಮೊದಲು ಆಕೆ ಒಮ್ಮೆ ಹೊಳೆಯ ಮೇಲ್ಭಾಗಕ್ಕೆ ತಿರುಗಿ ನೋಡುತ್ತಾಳೆ. ಯಾಕೆಂದು ಕೇಳಿದರೆ, "ಬರೋರು ಯಾರಾರ ಅದಾರೇನೋ, ನೋಡಬೇಕಲ್ರೀ," ಎನ್ನುತ್ತಾಳೆ.