ಕರೆಂಟಿನ ಸಂತೆಯ ಚುಕ್ಕಿಗಳು

“ಗುರುಗಳೇ, ಸಾವಿರಾರು ಜನರ ಮನಸ್ಸನ್ನು ಒಬ್ಬರೇ ಕೂತು ಅರಿಯಲು ಆದೀತೇ?” ಎಂದು ಶಾಂತವೀರ ಕೇಳಿದ.

ಗುರುಗಳು ನಕ್ಕರು. ಒಬ್ಬನ ಮನಸ್ಸು ಅರಿಯುವುದರಲ್ಲೇ ತಮ್ಮ ಕೂದಲು ಬೆಳ್ಳಗಾಯಿತು, ಇವನಿಗೆ ನೋಡಿದರೆ ಸಾವಿರ ಬೇಕಂತೆ ಎಂದು ಛೇಡಿಸಿದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರು. ಬೇಸಿಗೆ ಬಂತೆಂದರೆ ಅಲ್ಲಿ ಸಂಜೆ ಹೊತ್ತು ಕರೆಂಟು ಸಾಲುತ್ತಿರಲಿಲ್ಲ, ಊರಿಗೆ ಊರೇ ಕತ್ತಲಾಗುತ್ತಿತ್ತು. ಊರಿನ ಯಜಮಾನ ಒಂದು ಉಪಾಯ ಹೂಡಿದ. ಕರೆಂಟನ್ನೂ ತರಕಾರಿಯಂತೆ ಸಂತೆಗೆ ಬಿಡೋಣ, ಗಂಟೆಗೊಂದು ದರ ಇರಲಿ, ದರ ಏರಿದಾಗ ಜನ ತಾವಾಗಿಯೇ ಕಡಿಮೆ ಬಳಸುತ್ತಾರೆ ಎಂದ. ಆದರೆ ಮಾರುವವರು, ಕೊಳ್ಳುವವರು ಏನು ಮಾಡಿಬಿಡುತ್ತಾರೋ ಎಂಬ ಅಳುಕು ಅವನಿಗೂ ಇತ್ತು. ಗಣಿತ ಬಲ್ಲ ಒಬ್ಬ ಹೆಣ್ಣುಮಗಳನ್ನು ಕರೆಸಿದ. ಮೊದಲು ಕಂಪ್ಯೂಟರಿನಲ್ಲಿ ಆ ಸಂತೆ ನಡೆಸಿ ನೋಡು ತಾಯಿ, ನೀನು ಹೂಂ ಎಂದರೆ ಊರಿಗೆ ಡಂಗುರ ಸಾರಿಸುತ್ತೇನೆ ಎಂದ.

ಅವಳು ಪರದೆಯ ಮೇಲೆ ಊರಿನ ಮನೆಗೊಂದು ಚುಕ್ಕಿ ಇಟ್ಟಳು. ಕರೆಂಟು ಮಾರುವವರಿಗೂ ಒಂದೊಂದು ಇಟ್ಟಳು. ಚುಕ್ಕಿಗಳಿಗೆ ಕಲಿಸಿದ ಬುದ್ಧಿ ತೀರಾ ಸಣ್ಣದು. ಮಾರುವ ಚುಕ್ಕಿಗೆ, ನಿನ್ನೆ ಈ ಗಂಟೆಯದೆಲ್ಲ ಖರ್ಚಾಗಿದ್ದರೆ ಇವತ್ತು ತುಸು ಹೆಚ್ಚು ಕೇಳು, ಉಳಿದಿದ್ದರೆ ತುಸು ಇಳಿಸು ಎಂದಳು. ಮನೆಯ ಚುಕ್ಕಿಗೆ, ದರ ನಿನ್ನ ಕೈಮೀರಿದರೆ ಕರೆಂಟು ಆರಿಸು, ಇಳಿಯುವವರೆಗೆ ಕಾದಿರು ಎಂದಳು. ಅಷ್ಟೇ.

ಗುಂಡಿ ಒತ್ತಿದಳು. ಊರು ಎದ್ದು ಕೂತಿತು! ಒಂದೇ ಜಗಲಿಯ ಮೇಲೆ ಕೂತು ಮಾತಾಡಿಕೊಂಡವರ ಹಾಗೆ ಮಾರುವವರೆಲ್ಲ ಸಂಜೆ ಹೊತ್ತಿಗೆ ದರ ಏರಿಸಿದರು. ಮನೆಗಳು ನೀರೆತ್ತುವುದನ್ನು, ಹಿಟ್ಟು ರುಬ್ಬುವುದನ್ನು ಮಧ್ಯಾಹ್ನಕ್ಕೆ ತಳ್ಳಿದವು. ಮಾರುವವರ ಬಳಿ ಕರೆಂಟು ಉಳಿಯತೊಡಗಿತು, ದರ ಇಳಿಯಿತು, ಮತ್ತೆ ಏರಿತು. ಸಂಜೆಯ ಕತ್ತಲು ಮಾತ್ರ ಹೇಳಹೆಸರಿಲ್ಲದೆ ಹೋಯಿತು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಇದೆಲ್ಲ ಎಲ್ಲಿಂದ ಬಂತೆಂದು ಅವಳ ಮೈ ಜುಮ್ಮೆಂದಿತು. ಇಷ್ಟು ಜನರ ಮನಸ್ಸು ತನ್ನ ಅಂಗೈಗೆ ಬಂದು ಕೂತಿದೆ ಅನ್ನಿಸಿತು.

ಯಜಮಾನನಿಗಂತೂ ಹಿಗ್ಗೋ ಹಿಗ್ಗು. ನಾಳೆಯೇ ಸಾರಿಸುತ್ತೇನೆ ಎಂದು ಹೋದ.

ಅವಳಿಗೆ ತನ್ನ ಮನೆಯ ಚುಕ್ಕಿಯನ್ನು ಒಮ್ಮೆ ನೋಡುವ ಆಸೆಯಾಯಿತು. ಹುಡುಕಿದಳು. ಸಂಜೆ ಹೊತ್ತಿಗೆ ಅದು ಆರಿತ್ತು. ನಗು ಬಂತು. ಮನೆಯಲ್ಲಿದ್ದವನು ಅವಳ ಅಪ್ಪ, ಖಾಲಿ ಕೋಣೆಯಲ್ಲಿ ಫ್ಯಾನು ತಿರುಗಿದರೆ ರಂಪ ಮಾಡುವ ಜೀವ. ಆರಿಸದೆ ಇರುತ್ತಾನೆಯೇ ಅಂದುಕೊಂಡಳು. ಮರುಕ್ಷಣ ನಗು ನಿಂತಿತು. ಅಪ್ಪನ ಮಂಚದ ಪಕ್ಕದಲ್ಲಿ, ಕಳೆದ ಬೇಸಿಗೆ ಮುಗಿದ ಮೇಲೆ ತಂದ ಉಸಿರಾಟದ ಯಂತ್ರವಿತ್ತು. ಅದಿಲ್ಲದೆ ಅವನಿಗೆ ಉಸಿರಿರಲಿಲ್ಲ, ಕರೆಂಟಿಲ್ಲದೆ ಅದು ನಡೆಯುತ್ತಿರಲಿಲ್ಲ. ದರ ಇಳಿಯುವವರೆಗೆ ಕಾದಿರು ಎಂದು ಆ ಚುಕ್ಕಿಗೆ ಕಲಿಸಿದವಳು ತಾನೇ.

ಕೂಡಲೇ ಆ ಒಂದು ಮನೆಗೆ ಬೇರೆ ಮಾತು ಬರೆದಳು: ದರ ಎಷ್ಟೇ ಏರಲಿ, ನೀನು ಆರಬೇಡ. ಮತ್ತೆ ಸಂತೆ ನಡೆಸಿದಳು. ಸಂಜೆಯಾಯಿತು, ದರ ಏರಿತು, ಸುತ್ತಮುತ್ತಲಿನ ಎಷ್ಟೋ ಚುಕ್ಕಿಗಳು ಆರಿದವು. ಅಪ್ಪನ ಚುಕ್ಕಿ ಉರಿಯುತ್ತಲೇ ಇತ್ತು. ಊರೂ ಕತ್ತಲಾಗಲಿಲ್ಲ.

ಅವಳು ಅಪ್ಪನ ಚುಕ್ಕಿಯನ್ನು ನೋಡಿದಳು, ಸುತ್ತ ಆರಿದ ಚುಕ್ಕಿಗಳನ್ನು ಒಂದೊಂದಾಗಿ ನೋಡಿದಳು. ತನಗೆ ಅರಿವಿಲ್ಲದೆಯೇ ಕೈ ಮುಗಿದಿದ್ದಳು. ಆಮೇಲೆ ಎದ್ದು ಯಜಮಾನನ ಮನೆಗೆ ಹೋಗಿ, “ಈಗಲೇ ಸಾರಿಸಬೇಡಿ” ಎಂದಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಾಂತವೀರನಿಗೆ ಸಮಾಧಾನವಾಗಲಿಲ್ಲ.

“ಅವಳ ಅಪ್ಪನ ಚುಕ್ಕಿ ಉರಿಯುತ್ತಿತ್ತಲ್ಲ ಗುರುಗಳೇ, ಮತ್ತೇಕೆ ಬೇಡವೆಂದಳು?”

ಗುರುಗಳು ಹೇಳಿದರು: “ಆರಿದವುಗಳಲ್ಲಿ ಅವಳಿಗೆ ಗುರುತಿದ್ದದ್ದು ಅದೊಂದೇ, ಮರೀ.”