ಗೌಡರಿಗೆ ಗಿಳಿ ತೋರಿಸಿದ ಚಿಕ್ಕೀರಮ್ಮ

ಬಾಳ ಹಿಂದಿನ ಮಾತು, ಮಕ್ಕಳೇ. ಕಾಡಿನ ಮಗ್ಗುಲಿಗೆ ಒಂದೂರಿತ್ತು. ಆ ಊರಲ್ಲಿ ಚಿಕ್ಕೀರಮ್ಮ ಅಂತ ಒಬ್ಬಳಿದ್ದಳು. ಕಾಡಿನಿಂದ ಸೀಗೆಕಾಯಿ ಆಯ್ದು ತಂದು ಮನೆಮನೆಗೆ ಕೊಡುವವಳು. ಅವಳು ಮರದಡಿ ಕೂತರೆ ಗಿಳಿಗಳು ಬೆದರುತ್ತಿರಲಿಲ್ಲವಂತೆ. ತಲೆಯ ಮೇಲೇ ಬಂದು ಕೂರುತ್ತಿದ್ದವು ಅನ್ನುವವರೂ ಇದ್ದಾರೆ. ಎಷ್ಟು ನಿಜವೋ, ನಮ್ಮಜ್ಜಿಯಂತೂ ಆಣೆ ಇಟ್ಟು ಹೇಳುತ್ತಿದ್ದಳು.

ಚಳಿ ಇಳಿದು ಬಿಸಿಲು ಬಲಿಯುವ ಹೊತ್ತಿಗೆ ಗಿಳಿಗಳು ಜೋಡಿ ಕೂಡುತ್ತವೆ. ಆಗೆಲ್ಲ ಚಿಕ್ಕೀರಮ್ಮ ಕೆಲಸ ಮರೆತು ಕಾಡಿನ ದೊಡ್ಡ ಹೊನ್ನೆಮರದ ಕೆಳಗೇ ಇರುತ್ತಿದ್ದಳಂತೆ. ಯಾವ ಗಂಡು ಯಾವ ಹೆಣ್ಣಿನ ಹಿಂದೆ ಬಿದ್ದಿದೆ, ಯಾವುದು ಒಲ್ಲೆ ಅಂದಿದೆ, ಎಲ್ಲ ಅವಳಿಗೆ ಗೊತ್ತು.

ಒಂದು ವರ್ಷ ಊರಗೌಡ ಬೆಟ್ಟೇಗೌಡ ಹೊಸ ಮನೆ ಎಬ್ಬಿಸಿದ. ಹೆಬ್ಬಾಗಿಲಿಗೆ ಆ ಹೊನ್ನೆಯೇ ಬೇಕೆಂದು ಕೊಡಲಿಯವರನ್ನು ಕರಕೊಂಡು ಬಂದ. ಚಿಕ್ಕೀರಮ್ಮ ಅಳಲಿಲ್ಲ, ಜಗಳಾಡಲಿಲ್ಲ. "ಗೌಡ್ರೇ, ಆಮೇಲೆ ಕಡೀರಂತೆ. ಒಂದು ಗಳಿಗೆ ನನ್ನ ಪಕ್ಕ ಸುಮ್ನೆ ಕೂತ್ಕೊಳ್ಳಿ," ಅಂದಳು.

ಗೌಡ ಕೂತ. ಮೇಲೆ ಒಂದು ಗಂಡುಗಿಳಿ ಕೊಂಬೆಯುದ್ದಕ್ಕೂ ಠೀವಿಯಿಂದ ನಡೆಯಿತು, ತಲೆ ಬಾಗಿಸಿತು, ಒಂದು ಕಾಲೆತ್ತಿತು. ಹೆಣ್ಣು ಮುಖ ತಿರುಗಿಸಿತು. ಗಂಡು ಮತ್ತೆ ನಡೆಯಿತು, ಮತ್ತೆ ಬಾಗಿತು. ಹೆಣ್ಣು ಕುಕ್ಕಿ ಓಡಿಸಿತು. ಗೌಡ ಗಹಗಹಿಸಲು ಹೋದ. ಚಿಕ್ಕೀರಮ್ಮ ಬಾಯಿಮೇಲೆ ಬೆರಳಿಟ್ಟು ಗದರಿದಳು. ಗಂಡು ಮುನಿಯಲಿಲ್ಲ. ಇಷ್ಟಿಷ್ಟೇ ಹತ್ತಿರ ಸರಿಯಿತು. ಕೊನೆಗೆ ಹೆಣ್ಣು ಕತ್ತು ಹಿಂದಕ್ಕೆ ಚೆಲ್ಲಿ ಕಣ್ಣು ಹೊರಳಿಸಿತು. ಗಂಡು ಕೊಕ್ಕಿಗೆ ಕೊಕ್ಕು ಕೊಟ್ಟು ತುತ್ತು ಉಣಿಸಿತು.

ಗೌಡನ ಹೆಂಡತಿ ಸಣ್ಣತಾಯಮ್ಮ ಮುನಿಸಿಕೊಂಡು ತವರಿಗೆ ಹೋಗಿ ಎರಡು ವರ್ಷವಾಗಿತ್ತು. ಅವನು ಒಂದೇ ಸಲ ಹೋಗಿ ಕರೆದಿದ್ದ, ಬರಲಿಲ್ಲವೆಂದು ಬಿಟ್ಟಿದ್ದ.

"ಇದು ಎಷ್ಟು ದಿನದಿಂದ ಹಿಂಗೆ ಬಾಗ್ತಾ ಐತೆ, ಅವ್ವಾ?"

"ಇವತ್ತಿಗೆ ನಾಕನೇ ದಿನ, ಗೌಡ್ರೇ."

ಗೌಡ ಎದ್ದ. ಕೊಡಲಿಯವರನ್ನು ಮನೆಗೆ ಕಳಿಸಿದ. ತಾನು ನೆಟ್ಟಗೆ ಹೆಂಡತಿಯ ಊರಿಗೆ ನಡೆದ. ಅವಳು ಕದ ಹಾಕಿಕೊಂಡಳು; ಇವನು ಜಗಲಿಯಲ್ಲೇ ಕೂತ. ಮೂರು ದಿನ ಅಂತಾರೆ, ಒಂಬತ್ತು ದಿನ ಅಂತಲೂ ಅಂತಾರೆ. ಅಂತೂ ಒಂದು ಬೆಳಿಗ್ಗೆ ಕದ ತೆರೆಯಿತು. ಗಂಡಹೆಂಡಿರು ಒಂದೇ ಗಾಡಿಯಲ್ಲಿ ಊರು ಹೊಕ್ಕಾಗ ಚಿಕ್ಕೀರಮ್ಮ ಬೀದಿಯಲ್ಲೇ ಕುಣಿದುಬಿಟ್ಟಳಂತೆ. ಹೆಬ್ಬಾಗಿಲಿಗೆ ಹಲಸಿನ ಹಲಗೆಯೇ ಸಾಕಾಯಿತು.

ಇವತ್ತಿಗೂ ಗಿಳಿ ಜೋಡಿ ಕೂಡುವ ತಿಂಗಳಲ್ಲಿ ಆ ಕಾಡಿಗೆ ಯಾರೂ ಕೊಡಲಿ ಒಯ್ಯುವುದಿಲ್ಲ. ಹೊಸದಾಗಿ ಮದುವೆಯಾದವರು ಒಂದು ಬೆಳಿಗ್ಗೆ ಅಲ್ಲಿ ಉಸಿರೆತ್ತದೆ ಕೂತು ಬರಬೇಕು. ಮೊದಲು ನಕ್ಕವರು ಆ ವರ್ಷವೆಲ್ಲ ಜಗಳ ಬಂದಾಗ ಇನ್ನೊಬ್ಬರಿಗೆ ಸೋಲಬೇಕು ಅನ್ನುವುದು ಚಿಕ್ಕೀರಮ್ಮನ ಹೆಸರಿನ ಕಟ್ಟಳೆ. ಆದರೆ ಇದುವರೆಗೆ ಹೋದವರೆಲ್ಲ ಇಬ್ಬರೂ ಒಟ್ಟಿಗೇ ನಕ್ಕಿದ್ದಾರಂತೆ.